ಮಳೆ ತಡವಾದರೆ ಯಾವ ಎಣ್ಣೆಕಾಳು? ಬೆಳೆಗಿಂತ ಮೊದಲು ತಾರೀಖು ನೋಡಿ

"ಬರ ತಡೆಯೋ ಎಣ್ಣೆಕಾಳು ಯಾವುದು?" ಮಳೆ ಹಿಂದೆ ಬಿದ್ದ ವರ್ಷ ಬೀಜದಂಗಡಿ ಮುಂದೆ ಮೊದಲು ಕೇಳಿಬರುವ ಪ್ರಶ್ನೆ ಇದು. ಅಂಗಡಿಯವರು ತಮ್ಮ ಹತ್ತಿರ ಯಾವ ಚೀಲ ಇದೆಯೋ ಅದರ ಹೆಸರು ಹೇಳಿ ಕಳಿಸುತ್ತಾರೆ. ಅವರದ್ದೂ ತಪ್ಪಲ್ಲ. ಕೇಳಬೇಕಾದ ಪ್ರಶ್ನೆಯೇ ಬೇರೆ: ಇವತ್ತು ಬಿತ್ತಿದರೆ ಈ ಬೆಳೆಗೆ ಎಷ್ಟನೇ ದಿನಕ್ಕೆ ನೀರು ಬೇಕೇಬೇಕು, ಆ ಹೊತ್ತಿಗೆ ನಮ್ಮ ಕಡೆ ಮಳೆ ಇರುತ್ತದಾ?

ಇಪ್ಪತ್ತು ದಿನ ಮಳೆ ಇಲ್ಲ ಅಂದುಕೊಳ್ಳಿ. ಶೇಂಗಾ ಗಿಡಕ್ಕೆ ಆಗ ಇಪ್ಪತ್ತೈದು ದಿನ ವಯಸ್ಸಾಗಿದ್ದರೆ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಎಪ್ಪತ್ತು ದಿನವಾಗಿದ್ದರೆ ಅರ್ಧ ಬೆಳೆ ಹೋಯಿತು. ಬೆಳೆ ಅದೇ, ಮಣ್ಣು ಅದೇ, ಬರವೂ ಅದೇ. ಬದಲಾದದ್ದು ಬಿತ್ತಿದ ತಾರೀಖು ಮಾತ್ರ. ಹಾಗಾಗಿ ಈ ಹೋಲಿಕೆಯಲ್ಲಿ ಯಾವ ಬೆಳೆ ಗಟ್ಟಿ ಅನ್ನುವುದಕ್ಕಿಂತ, ಯಾವ ಬೆಳೆ ಯಾವ ವಾರಕ್ಕೆ ಹೊಂದುತ್ತದೆ ಅಂತ ನೋಡೋಣ. ಮೊದಲು ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು, ಪಾವಗಡ, ಶಿರಾ ಕಡೆಯ ಕೆಂಪು ಮಸಾರಿ ಹೊಲ. ಆಮೇಲೆ ಗದಗ, ಕೊಪ್ಪಳ, ವಿಜಯಪುರದ ಎರೆ ಹೊಲ, ಅಂದರೆ ಕಪ್ಪು ಮಣ್ಣು.

ಕೆಂಪು ಹೊಲ, ಶೇಂಗಾ: ಲೆಕ್ಕ ಹಾಕಿ ಬಿತ್ತುವ ಬೆಳೆ

ಈ ಸೀಮೆಗೆ ಬೀಳುವ ಮಳೆ ವರ್ಷಕ್ಕೆ 500 ಮಿ.ಮೀ. ಆಸುಪಾಸು. ಅದರಲ್ಲೂ ಜೋರು ಮಳೆ ಬರುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ಮೊದಲ ಭಾಗದಲ್ಲಿ, ಅಂದರೆ ಉತ್ತರೆ, ಹಸ್ತೆ ಮಳೆಗಳಲ್ಲಿ. ಜುಲೈ, ಆಗಸ್ಟ್‌ನಲ್ಲಿ ಮೋಡ ಇರುತ್ತದೆ, ಗಾಳಿ ಇರುತ್ತದೆ, ನೀರು ಕಡಿಮೆ. "ಆರಿದ್ರೆ ಹುಯ್ದರೆ ದರಿದ್ರ ಹೋಯ್ತು" ಅನ್ನೋ ಗಾದೆ ಕೇಳಲು ಚೆನ್ನ. ಆದರೆ ಆರಿದ್ರೆಗೆ, ಅಂದರೆ ಜೂನ್ ಕೊನೆಯ ಹೊತ್ತಿಗೆ, ಬಿತ್ತಿದ ಶೇಂಗಾ ಈ ಸೀಮೆಯಲ್ಲಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ.

ಟಿಎಂವಿ-2, ಕದಿರಿ-6 ಥರದ ಗೊಂಚಲು ಶೇಂಗಾ 105ರಿಂದ 110 ದಿನಗಳ ಬೆಳೆ. 25ರಿಂದ 30ನೇ ದಿನಕ್ಕೆ ಹೂ ಶುರು. 40ರಿಂದ 50ನೇ ದಿನದಲ್ಲಿ ಹೂವಿನ ಬುಡದಿಂದ ಸೂಜಿ ಇಳಿದು ಮಣ್ಣಿಗೆ ಇಳಿಯುತ್ತದೆ. 60ರಿಂದ 90 ದಿನದ ನಡುವೆ ಕಾಯಿ ಕಟ್ಟಿ, ಕಾಳು ತುಂಬುತ್ತದೆ. ಜೂನ್ 20ಕ್ಕೆ ಬಿತ್ತಿದರೆ ಸೂಜಿ ಇಳಿಯುವುದು ಆಗಸ್ಟ್ ಮೊದಲ ವಾರ. ಕಾಳು ತುಂಬಲು ಶುರುವಾಗುವುದು ಆಗಸ್ಟ್ ಕೊನೆಗೆ. ಎರಡೂ ಒಣ ವಾರಗಳ ಬಾಯಿಗೆ ಬೀಳುತ್ತವೆ. ಆಮೇಲೆ ಅಕ್ಟೋಬರ್ ಶುರುವಿನಲ್ಲಿ ಕೀಳೋಣ ಅಂದರೆ ಹಸ್ತೆ ಮಳೆ ಹಿಡಿದುಕೊಳ್ಳುತ್ತದೆ. ಗೊಂಚಲು ಶೇಂಗಾ ಬೀಜಕ್ಕೆ ಸುಪ್ತಾವಸ್ಥೆ ಇಲ್ಲ. ಬಲಿತ ಕಾಯಿಗೆ ನೆಲದಲ್ಲೇ ತೇವ ಸಿಕ್ಕಿದರೆ ಅಲ್ಲೇ ಮೊಳಕೆ ಬರುತ್ತದೆ. ಬೇಕಾದಾಗ ಮಳೆ ಇಲ್ಲ, ಬೇಡವಾದಾಗ ಬಂತು ಅಂತ ಮಳೆಯನ್ನೇ ಬೈಯುತ್ತೇವೆ. ತಾರೀಖನ್ನು ಯಾರೂ ಬೈಯುವುದಿಲ್ಲ.

ಅದೇ ಶೇಂಗಾವನ್ನು ಜುಲೈ 15–25ರ ಹೊತ್ತಿಗೆ, ಪುಷ್ಯ ಮಳೆ ಹದಕ್ಕೆ ಬಿತ್ತಿದರೆ ಸೂಜಿ ಇಳಿಯುವುದು ಸೆಪ್ಟೆಂಬರ್ ಮೊದಲ ವಾರದ ಸುಮಾರಿಗೆ. ಕಾಳು ತುಂಬುವುದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ಈ ಸೀಮೆಯ ದೊಡ್ಡ ಮಳೆ ನೇರವಾಗಿ ಕಾಯಿಗೆ ಸಿಗುತ್ತದೆ. ಆಗಸ್ಟ್‌ನ ಒಣ ವಾರಗಳು ಗಿಡದ ಎಳೆ ವಯಸ್ಸಿಗೆ ಬೀಳುತ್ತವೆ. ಅದು ಕೆಟ್ಟದ್ದೂ ಅಲ್ಲ. ಮೊಳೆತ ಮೇಲೆ ಒಂದಿಷ್ಟು ದಿನ ಲಘುವಾಗಿ ಬಾಯಾರಿದ ಶೇಂಗಾ ಬೇರನ್ನು ಆಳಕ್ಕೆ ಇಳಿಸುತ್ತದೆ. ಮಳೆ ಬಂದಾಗ ಹೂಗಳನ್ನು ಒಟ್ಟಿಗೆ ಬಿಡುತ್ತದೆ. ಹೂ ಒಟ್ಟಿಗೆ ಬಂದರೆ ಕಾಯಿಯೂ ಒಟ್ಟಿಗೆ ಬಲಿಯುತ್ತದೆ. ಎಳೆ ಗಿಡ ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಂಡರೆ ಗಾಬರಿ ಬೇಡ. ಬೆಳಗ್ಗೆಯೂ ಬಾಡಿಕೊಂಡೇ ಇದ್ದರೆ ಆಗ ಚಿಂತೆ ಮಾಡಿ.

ಹಾಗಂತ ಜುಲೈ ಬಿತ್ತನೆಗೂ ಒಂದು ಕುತ್ತು ಇದೆ. ಹಸ್ತೆ, ಚಿತ್ತೆ ಎರಡೂ ಕೈಕೊಟ್ಟರೆ ಕೊನೆಯ ಮೂರು–ನಾಲ್ಕು ವಾರ ಬೆಳೆ ಒಣಗುತ್ತದೆ. ಶೇಂಗಾದ ಮಟ್ಟಿಗೆ ಇದೇ ಅತಿ ಕೆಟ್ಟ ಬರ. ಇಳುವರಿಗಿಂತ ಗುಣಮಟ್ಟಕ್ಕೆ ಬೀಳುವ ಪೆಟ್ಟು ದೊಡ್ಡದು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲನೆಯದು ಜೊಳ್ಳು. ಶೇಂಗಾ ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಬೇರಿನಿಂದ ತರಿಸಿಕೊಳ್ಳುವುದಿಲ್ಲ. ಸುತ್ತಲಿನ ಮಣ್ಣಿನಿಂದ ಸಿಪ್ಪೆ ಮೂಲಕವೇ ನೇರವಾಗಿ ಹೀರುತ್ತದೆ. ಮೇಲಿನ ಎರಡು ಮೂರು ಇಂಚು ಮಣ್ಣು ಒಣಗಿದರೆ, ಕೆಳಗೆ ಬೇರಿಗೆ ನೀರು ಇದ್ದರೂ ಕಾಯಿಗೆ ಕ್ಯಾಲ್ಸಿಯಂ ಸಿಗುವುದಿಲ್ಲ. ಸಿಪ್ಪೆ ದೊಡ್ಡದಾಗುತ್ತದೆ, ಒಳಗೆ ಕಾಳಿಲ್ಲ. ಎಕರೆಗೆ 200 ಕೆ.ಜಿ. ಜಿಪ್ಸಂ ಹಾಕಿ ಅಂತ ಹೇಳುವುದು ಇದಕ್ಕೇ. ಹೂ ಬರುವ ಹೊತ್ತಿಗೆ, ಸಾಲುಗಳ ನಡುವೆ ಕೊನೆಯ ಎಡೆಕುಂಟೆ ಹೊಡೆಯುವಾಗ, ಮಣ್ಣಲ್ಲಿ ತೇವ ಇದ್ದಾಗ ಗಿಡದ ಬುಡಕ್ಕೆ ಹಾಕಬೇಕು. ಸೂಜಿ ಇಳಿದ ಮೇಲೆ ಕುಂಟೆ ಹೊಡೆದರೆ ಕಾಯಿಯನ್ನೇ ಕಿತ್ತ ಹಾಗೆ.

ಎರಡನೆಯದು ಎಣ್ಣೆ. ಚೆನ್ನಾಗಿ ಬಲಿತ ಕಾಳಲ್ಲಿ ನೂರಕ್ಕೆ 45ರಿಂದ 50 ಪಾಲು ಎಣ್ಣೆ ಇರುತ್ತದೆ. ಬರದಲ್ಲಿ ಕಾಳು ಸುಕ್ಕುಗಟ್ಟುತ್ತದೆ, ಎಣ್ಣೆ ತುಂಬುವ ಮೊದಲೇ ನಿಂತುಹೋಗುತ್ತದೆ. ಇಂಥ ಎಳಸು ಕಾಳಿನ ಎಣ್ಣೆ ಕಡಿಮೆ ಅಷ್ಟೇ ಅಲ್ಲ, ಬೇಗ ಕಮಟು ವಾಸನೆ ಹಿಡಿಯುತ್ತದೆ. ಗಾಣಕ್ಕೆ ಕೊಡುವವರು ಇದನ್ನು ಗಮನಿಸಬೇಕು.

ಬಲಿತಿದೆಯೋ ಇಲ್ಲವೋ ನೋಡಲು ಯಂತ್ರ ಬೇಡ. ತೊಂಬತ್ತು ದಿನ ದಾಟಿದ ಮೇಲೆ ಹೊಲದ ನಾಲ್ಕೈದು ಕಡೆ ಒಂದೊಂದು ಗಿಡ ಕಿತ್ತು, ಕಾಯಿ ಒಡೆದು ಸಿಪ್ಪೆಯ ಒಳಮೈ ನೋಡಿ. ಎಳೆ ಕಾಯಿಯ ಒಳಮೈ ಬೆಳ್ಳಗೆ, ಹತ್ತಿಯಂತೆ ಮೆತ್ತಗೆ ಇರುತ್ತದೆ. ಬಲಿತದ್ದರಲ್ಲಿ ಆ ಮೆತ್ತನೆಯದು ತೆಳುವಾಗಿ, ಕಂದು–ಕಪ್ಪು ಕಲೆ ಬಿದ್ದಿರುತ್ತದೆ. ಮುಕ್ಕಾಲು ಪಾಲು ಕಾಯಿ ಹೀಗಿದ್ದರೆ ಕೀಳಬಹುದು. ಎಲೆ ಹಳದಿಯಾಯ್ತು ಅಂತ ಕಿತ್ತರೆ ಮೋಸ ಹೋಗುತ್ತೀರಿ. ಎಲೆಚುಕ್ಕೆ ರೋಗಕ್ಕೂ ಎಲೆ ಹಳದಿಯಾಗುತ್ತದೆ, ಬರಕ್ಕೂ ಆಗುತ್ತದೆ.

ಮೂರನೆಯದು ಅಫ್ಲಾಟಾಕ್ಸಿನ್. ಮಣ್ಣಲ್ಲಿರುವ ಆಸ್ಪರ್ಜಿಲ್ಲಸ್ ಅನ್ನೋ ಬೂಷ್ಟು ಬಿಡುವ ವಿಷ ಇದು. ಕೊನೆಯ ವಾರಗಳಲ್ಲಿ ನೆಲ ಒಣಗಿ ಬಿಸಿಯಾದರೆ ಕಾಯಿಯ ಪ್ರತಿರೋಧ ಕುಗ್ಗುತ್ತದೆ, ಬೂಷ್ಟು ನೆಲದೊಳಗೇ ಕಾಳಿಗೆ ಇಳಿಯುತ್ತದೆ. ಕಣ್ಣಿಗೆ ಕಾಣದೆಯೂ ಇರಬಹುದು. ಯುರೋಪಿನವರು ತಿನ್ನುವ ಶೇಂಗಾದಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಕೆ.ಜಿ.ಗೆ 4 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತಾರೆ. ನಮಗೆ ರಫ್ತಿನ ಗೊಡವೆ ಏಕೆ ಅನ್ನಬೇಡಿ. ಇದೇ ವಿಷ ಹಿಂಡಿಯಲ್ಲಿ ಉಳಿಯುತ್ತದೆ. ಹಿಂಡಿ ತಿಂದ ಹಸುವಿನ ಹಾಲಿಗೂ ಬರುತ್ತದೆ.

ಆಗಸ್ಟ್ ಎರಡನೇ ವಾರ ದಾಟಿದ ಮೇಲೆ ಮಳೆಯಾಶ್ರಿತ ಶೇಂಗಾ ನನ್ನ ಪ್ರಕಾರ ಜೂಜು. ಆಗ ಬಿತ್ತಿದರೆ ಕಾಳು ತುಂಬುವುದು ಅಕ್ಟೋಬರ್ ಕೊನೆ, ನವೆಂಬರ್. ಮಳೆ ಮುಗಿದಿರುತ್ತದೆ, ಕೆಂಪು ಮಣ್ಣು ನೀರು ಹಿಡಿದಿಡುವುದಿಲ್ಲ, ರಾತ್ರಿ ಚಳಿಗೆ ಬೆಳವಣಿಗೆಯೂ ನಿಧಾನ. ಮೇಲಾಗಿ ಬೀಜದ ಖರ್ಚು. ಶೇಂಗಾಕ್ಕೆ ಎಕರೆಗೆ 40ರಿಂದ 50 ಕೆ.ಜಿ. ಬೀಜ ಬೇಕು. ಸೂರ್ಯಕಾಂತಿಗೆ ಎರಡು ಕೆ.ಜಿ. ಸಾಕು. ಹುಚ್ಚೆಳ್ಳಿಗೂ ಸುಮಾರು ಅಷ್ಟೇ. ಎಳ್ಳಿಗೆ ಒಂದು ಒಂದೂವರೆ ಕೆ.ಜಿ. ಕುಸುಬೆಗೆ ಮೂರು ನಾಲ್ಕು. ತಡವಾದ ವರ್ಷ ಬೆಳೆ ಹೋದರೆ ಶೇಂಗಾದವರ ಕೈಯಿಂದ ಹೋಗುವ ದುಡ್ಡೇ ಬೇರೆ. ಬರದ ಹೋಲಿಕೆ ಮಾಡುವಾಗ ಎಲ್ಲರೂ ಇಳುವರಿ ನೋಡುತ್ತಾರೆ. ಮುಳುಗಿದರೆ ಎಷ್ಟು ಮುಳುಗುತ್ತದೆ ಅಂತ ನೋಡುವವರು ಕಡಿಮೆ.

ತಳಿಯ ವಿಷಯ ಎರಡು ಮಾತು. ಟಿಎಂವಿ-2 ಬಂದದ್ದು 1940ರಲ್ಲಿ. ಇಷ್ಟು ಹಳೆಯದು ಇನ್ನೂ ಹೊಲದಲ್ಲಿರುವುದಕ್ಕೆ ಅದರ ಕಡಿಮೆ ದಿನಗಳೇ ದೊಡ್ಡ ಕಾರಣ. ಈಚೆಗೆ ಜನ ಹುಡುಕಿಕೊಂಡು ಹೋಗುವ ಕದಿರಿ ಲೇಪಾಕ್ಷಿ ಕಾಯಿ ಜಾಸ್ತಿ ಕಟ್ಟುತ್ತದೆ ನಿಜ, ಆದರೆ ಟಿಎಂವಿ-2ಗಿಂತ ದಿನವೂ ಜಾಸ್ತಿ ಬೇಡುತ್ತದೆ. ಜುಲೈ ಮೊದಲ ಭಾಗದಲ್ಲಿ ಬಿತ್ತಿದರೆ ಸರಿ, ಜುಲೈ ಕೊನೆಗೆ ಬೇಡ. ಎಣ್ಣೆ ಬೇಗ ಕೆಡಬಾರದು ಅನ್ನುವವರಿಗೆ ಗಿರ್ನಾರ್-4, ಗಿರ್ನಾರ್-5 ಇವೆ. ಇವುಗಳ ಎಣ್ಣೆಯಲ್ಲಿ, ಬೇಗ ಕೆಡದಂತೆ ಕಾಯುವ ಓಲಿಕ್ ಆಮ್ಲ ನೂರಕ್ಕೆ 80ರ ಹತ್ತಿರ ಇರುತ್ತದೆ. ಸುಮ್ನೆ ಮಂಡಿಗೆ ಹಾಕಿದರೆ ಆ ಗುಣಕ್ಕೆ ಯಾರೂ ಹೆಚ್ಚು ದುಡ್ಡು ಕೊಡುವುದಿಲ್ಲ, ಕೊಳ್ಳುವವರನ್ನು ಮೊದಲು ಹುಡುಕಿಕೊಂಡು ಬಿತ್ತಬೇಕು.

ಆಗಸ್ಟ್ ಬಂದುಬಿಟ್ಟರೆ: ಸೂರ್ಯಕಾಂತಿಯೋ ಹುಚ್ಚೆಳ್ಳೋ

ಸೂರ್ಯಕಾಂತಿಯ ದೊಡ್ಡ ಗುಣ ಅಂದರೆ ಹಗಲು ಉದ್ದವೋ ಗಿಡ್ಡವೋ ಅಂತ ಅದು ಲೆಕ್ಕ ಇಡುವುದಿಲ್ಲ. ಯಾವ ತಿಂಗಳು ಬಿತ್ತಿದರೂ 85ರಿಂದ 95 ದಿನಕ್ಕೆ ಕೊಯ್ಲು. ಭಾರತದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1, 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದಲೇ ಬಂತು. ಅಲ್ಲಿಂದಲೇ ಬಂದ ಕೆಬಿಎಸ್‌ಎಚ್ ಸಾಲಿನ ಹೈಬ್ರಿಡ್‌ಗಳು ಇವತ್ತಿಗೂ ಬಳಕೆಯಲ್ಲಿವೆ.

ಇದಕ್ಕೆ ನೀರು ತಪ್ಪಬಾರದ ಹೊತ್ತು ಮೂರು. ಮೊಗ್ಗು ಕಾಣುವ 30–35ನೇ ದಿನ, ಹೂ ಅರಳುವ 55–60ನೇ ದಿನ, ಕಾಳು ತುಂಬುವ ಮುಂದಿನ ಎರಡು ಮೂರು ವಾರ. ಆಗಸ್ಟ್ 10ರ ಸುಮಾರಿಗೆ ಬಿತ್ತಿದರೆ ಮೊಗ್ಗು ಸೆಪ್ಟೆಂಬರ್ ಮಧ್ಯಕ್ಕೆ, ಹೂ ಅಕ್ಟೋಬರ್ ಮೊದಲ ವಾರಕ್ಕೆ. ಮಳೆಗಾಲದ ಕೊನೆಗೆ ಸರಿಯಾಗಿ ಕೂರುತ್ತದೆ. ಆಗಸ್ಟ್ ಕೊನೆಗೆ ಬಿತ್ತಿದರೂ ಒಂದು ಮಟ್ಟಿಗೆ ಆಗುತ್ತದೆ. ಕೆಂಪು ಹೊಲದಲ್ಲಿ ಅದಕ್ಕಿಂತ ಮುಂದೆ ಹೋಗಬೇಡಿ.

ಸೂರ್ಯಕಾಂತಿಯಲ್ಲಿ ಬರ ತೋರಿಸಿಕೊಳ್ಳುವುದು ತೆನೆಯ ನಡುವಿನಲ್ಲಿ. ಕಾಳು ಹೊರಸುತ್ತಿನಿಂದ ಒಳಕ್ಕೆ ತುಂಬುತ್ತಾ ಬರುತ್ತದೆ. ನೀರು ಸಾಲದಿದ್ದರೆ ನಡುವಿನ ಕಾಳು ಟೊಳ್ಳು. ಉಗುರಲ್ಲಿ ಒತ್ತಿದರೆ ಪುಸಕ್ಕನೆ ಕುಸಿಯುತ್ತದೆ. ಆದರೆ ನಡು ಟೊಳ್ಳಾದದ್ದಕ್ಕೆಲ್ಲ ಬರವನ್ನೇ ದೂರಬೇಡಿ. ಜೇನುಹುಳ ಬರದಿದ್ದರೂ ಹಾಗೇ ಆಗುತ್ತದೆ, ಹೂವಿನ ಹೊತ್ತಲ್ಲಿ ಜಡಿಮಳೆ ಹಿಡಿದು ಪರಾಗ ತೊಳೆದು ಹೋದರೂ ಆಗುತ್ತದೆ, ಬೋರಾನ್ ಕಡಿಮೆಯಾದರೂ ಆಗುತ್ತದೆ. ಹೂ ಅರಳಿದ ದಿನಗಳಲ್ಲಿ ಬೆಳಗ್ಗೆ ಕೀಟನಾಶಕ ಹೊಡೆಯುವವರು ತಮ್ಮ ಇಳುವರಿಯನ್ನು ತಾವೇ ಕಡಿಮೆ ಮಾಡಿಕೊಳ್ಳುತ್ತಾರೆ.

ಗುಣಮಟ್ಟದ ಕಡೆ ಇದೊಂದು ಕುತೂಹಲದ ಬೆಳೆ. ಎಣ್ಣೆ ನೂರಕ್ಕೆ 38ರಿಂದ 42. ಆದರೆ ಆ ಎಣ್ಣೆ ಎಂಥದ್ದು ಅನ್ನುವುದನ್ನು ಕಾಳು ತುಂಬುವಾಗಿನ ತಾಪಮಾನ ತೀರ್ಮಾನ ಮಾಡುತ್ತದೆ. ಚಳಿಯ ರಾತ್ರಿಗಳಲ್ಲಿ ತುಂಬಿದರೆ ಲಿನೋಲಿಕ್ ಅನ್ನೋ ಇನ್ನೊಂದು ಕೊಬ್ಬಿನಾಮ್ಲ ಜಾಸ್ತಿ. ಬೇಸಿಗೆಯ ಬಿಸಿಯಲ್ಲಿ ತುಂಬಿದರೆ ಅದು ಇಳಿದು ಓಲಿಕ್ ಏರುತ್ತದೆ. ಒಂದೇ ಹೈಬ್ರಿಡ್ ಬೀಜ, ಬಿತ್ತಿದ ತಿಂಗಳು ಬೇರೆಯಾದರೆ ಎಣ್ಣೆಯೇ ಬೇರೆ! ರೈತನ ಕೈಗೆ ಬರುವ ದುಡ್ಡಿನಲ್ಲಿ ಸದ್ಯಕ್ಕೆ ಇದರಿಂದ ವ್ಯತ್ಯಾಸವಿಲ್ಲ. ಮಂಡಿಯಲ್ಲಿ ನೋಡುವುದು ತೂಕ, ತೇವಾಂಶ, ಟೊಳ್ಳು ಎಷ್ಟಿದೆ ಅನ್ನುವುದನ್ನು.

ಎರಡು ಎಚ್ಚರಿಕೆ. 1997ರಲ್ಲಿ ಬಾಗೇಪಲ್ಲಿಯಲ್ಲಿ ಮೊದಲು ಕಾಣಿಸಿಕೊಂಡ ನೆಕ್ರೋಸಿಸ್ ರೋಗ ಸೂರ್ಯಕಾಂತಿಯನ್ನು ನಮ್ಮ ಹೊಲಗಳಿಂದ ಓಡಿಸಿದ ಕಾರಣಗಳಲ್ಲಿ ಒಂದು. ಈ ವೈರಸ್‌ಗೆ ಆಶ್ರಯ ಕೊಡುವುದು ಬದುವಿನ ಕಾಂಗ್ರೆಸ್ ಕಳೆ, ಅಂದರೆ ಪಾರ್ಥೇನಿಯಂ. ಅದರ ಪರಾಗವನ್ನು ಥ್ರಿಪ್ಸ್ ಅನ್ನೋ ಸಣ್ಣ ಹುಳ ಹೊತ್ತು ತರುತ್ತದೆ. ಬಿತ್ತುವ ಮೊದಲೇ ಬದು ಶುಚಿ ಮಾಡಿ. ಮುಂಗಾರಿನ ಬೆಳೆಗೆ ಇದು ಜಾಸ್ತಿ, ಹಿಂಗಾರಿಗೆ ಕಡಿಮೆ. ಇನ್ನೊಂದು ಗಿಣಿ ಕಾಟ. ಊರಿಗೆಲ್ಲ ನಿಮ್ಮದೊಂದೇ ಸೂರ್ಯಕಾಂತಿ ಹೊಲವಾದರೆ ಸುತ್ತಲ ಗಿಣಿಗಳೆಲ್ಲ ನಿಮ್ಮ ಮನೆ ನೆಂಟರು. ಅಕ್ಕಪಕ್ಕದ ನಾಲ್ಕು ಜನ ಸೇರಿ ಒಂದೇ ವಾರದಲ್ಲಿ ಬಿತ್ತಿ, ಆಗ ನಷ್ಟ ಹಂಚಿಹೋಗುತ್ತದೆ.

ಹುಚ್ಚೆಳ್ಳು (ಬಡಗಣ ಕಡೆಯವರ ಗುರೆಳ್ಳು) ಬೇರೆಯದೇ ಸ್ವಭಾವ. ತೆಳು ಮಣ್ಣು, ಗೊಬ್ಬರ ಇಲ್ಲ, ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ವಾರ: ಇಂಥ ಹೊತ್ತಿಗೆ ಕೈ ಹಿಡಿಯುವ ಬೆಳೆ. ಇಳುವರಿ ಎಕರೆಗೆ ಒಂದೆರಡು ಕ್ವಿಂಟಾಲ್ ಅಷ್ಟೇ, ದೊಡ್ಡ ಆಸೆ ಬೇಡ. ಆದರೆ ದರ ನೋಡಿ. 2025–26ರ ಮುಂಗಾರಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲ್‌ಗೆ ಶೇಂಗಾಕ್ಕೆ 7,263 ರೂಪಾಯಿ, ಸೂರ್ಯಕಾಂತಿಗೆ 7,721, ಹುಚ್ಚೆಳ್ಳಿಗೆ 9,537, ಎಳ್ಳಿಗೆ 9,846. ಖರ್ಚು ಕಡಿಮೆ, ದನ ಅಷ್ಟಾಗಿ ಮುಟ್ಟುವುದಿಲ್ಲ, ಚಟ್ನಿಪುಡಿಗೆ ಮನೆಯಲ್ಲೇ ಬೇಡಿಕೆ. ಇದೂ ಜೇನುಹುಳ ನಂಬಿದ ಬೆಳೆ.

ಹಾಗಾದರೆ ಎರಡರಲ್ಲಿ ಯಾವುದು? ಮಣ್ಣು ಒಂದಡಿಗಿಂತ ಆಳ ಇದ್ದು, ಆಗಸ್ಟ್ ಮಧ್ಯದೊಳಗೆ ಹದ ಸಿಕ್ಕರೆ ಸೂರ್ಯಕಾಂತಿ. ಮಣ್ಣು ತೆಳು, ಇಲ್ಲವೇ ತಿಂಗಳ ಕೊನೆ ಮುಟ್ಟಿದರೆ ಹುಚ್ಚೆಳ್ಳು. ನಡುವೆ ತಲೆಕೆಡಿಸಿಕೊಳ್ಳುವಂಥದ್ದು ಏನಿಲ್ಲ.

ಎಳ್ಳನ್ನು ಈ ಪಟ್ಟಿಗೆ ಸೇರಿಸಲಿಲ್ಲ ಯಾಕೆ ಅಂದರೆ, ಅದು ತಡವಾದ ವರ್ಷದ ಬೆಳೆಯೇ ಅಲ್ಲ. ಮೈಸೂರು, ಚಾಮರಾಜನಗರದ ಕಡೆ ಏಪ್ರಿಲ್–ಮೇ ತಿಂಗಳ ಮಳೆಗೆ ಬಿತ್ತಿ ಮುಂಗಾರು ಜೋರಾಗುವ ಹೊತ್ತಿಗೆ ಮುಗಿಸುತ್ತಾರೆ, ಅದು ಸರಿ. ತಡವಾಗಿ ಬಿತ್ತಿದರೆ ಜಿಗಿಹುಳ ಹರಡುವ ರೋಗ ಬಂದು ಹೂವಿನ ಜಾಗದಲ್ಲಿ ಬರೀ ಎಲೆ ಗೊಂಚಲು. ಬುಡದಲ್ಲಿ ನೀರು ನಿಂತರೂ ಎಳ್ಳು ಸಾಯುತ್ತದೆ. ಕೊಯ್ಲಿನಲ್ಲಿ ಮಳೆ ಬಿದ್ದರೆ ಬಿಳಿ ಎಳ್ಳು ಕಪ್ಪಿಟ್ಟು ದರ ಬೀಳುತ್ತದೆ.

ಔಡಲ (ಹರಳು) ಪೂರ್ತಿ ಹೊಲಕ್ಕೆ ಹಾಕುವವರು ನಮ್ಮಲ್ಲಿ ಕಡಿಮೆ, ಶೇಂಗಾದ ನಡುವೆ ಅಲ್ಲೊಂದು ಇಲ್ಲೊಂದು ಅಕ್ಕಡಿ ಸಾಲಾಗಿ ಹಾಕುವುದೇ ಜಾಸ್ತಿ. ಅದೇ ಜಾಣತನ. ಶೇಂಗಾ ಬರಕ್ಕೆ ಸಿಕ್ಕ ವರ್ಷವೂ ಔಡಲ, ತೊಗರಿ ಅಕ್ಕಡಿ ಏನಾದರೂ ಕೊಡುತ್ತವೆ, ಏಕೆಂದರೆ ಅವುಗಳ ಬೇರು ಆಳ, ದಿನ ಉದ್ದ. ಔಡಲದ ಎಣ್ಣೆಯ ಗುಣವೂ ಬರಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಆದರೆ ಇದಕ್ಕೆ ಬೆಂಬಲ ಬೆಲೆ ಇಲ್ಲ, ಗೊನೆ ಬಂದಾಗ ಜಡಿಮಳೆ ಹಿಡಿದರೆ ಬೂದು ಬೂಷ್ಟು ಬಂದು ಗೊನೆಯೇ ಕೊಳೆಯುತ್ತದೆ.

ಎರೆ ಹೊಲದವರಿಗೆ: ಕುಸುಬೆಯೋ ಹಿಂಗಾರಿ ಸೂರ್ಯಕಾಂತಿಯೋ

ಇಲ್ಲಿ ಲೆಕ್ಕ ಉಲ್ಟಾ. ಕೆಂಪು ಹೊಲದಲ್ಲಿ ಮುಂದೆ ಬರುವ ಮಳೆಯನ್ನು ನಂಬಿ ಬಿತ್ತುತ್ತೇವೆ. ಎರೆ ಹೊಲದಲ್ಲಿ ಆಗಲೇ ಬಿದ್ದು ನೆಲದೊಳಗೆ ಕೂತ ನೀರನ್ನು ನಂಬಿ ಬಿತ್ತುತ್ತೇವೆ. ಹಾಗಾಗಿ ಕೇಳಬೇಕಾದದ್ದು, ಆ ನೀರಿನವರೆಗೆ ಯಾರ ಬೇರು ಹೋಗುತ್ತದೆ?

ಕುಸುಬೆಯದ್ದು ಹೋಗುತ್ತದೆ. ಐದಾರು ಅಡಿ ಇಳಿಯುವ ಬೇರು ಅದು. ಮೂರಡಿಗಿಂತ ಆಳದ ಎರೆಯಲ್ಲಿ, ಬಿತ್ತಿದ ಮೇಲೆ ಒಂದು ಹನಿ ಬೀಳದಿದ್ದರೂ ಕಾಳು ಕೊಡಬಲ್ಲದು. ಶುರುವಿನ ಒಂದು ತಿಂಗಳು ನೆಲಕ್ಕೆ ಅಂಟಿಕೊಂಡೇ ಇರುತ್ತದೆ, ಬೆಳೆಯುತ್ತಿಲ್ಲ ಅಂತ ಹೊಸಬರು ಬೇಸರ ಮಾಡಿಕೊಳ್ಳುತ್ತಾರೆ. ಆಗ ಅದು ಕೆಳಕ್ಕೆ ಬೆಳೆಯುತ್ತಿರುತ್ತದೆ.

ತಾರೀಖಿನ ವಿಷಯದಲ್ಲಿ ಮಾತ್ರ ಕುಸುಬೆ ಕಟ್ಟುನಿಟ್ಟು. ಸೆಪ್ಟೆಂಬರ್ ಎರಡನೇ ಭಾಗದಿಂದ ಅಕ್ಟೋಬರ್ ಮಧ್ಯದೊಳಗೆ ಕೂರಿಗೆ ಹೂಡಬೇಕು. ಮೇಲಿನ ಮಣ್ಣು ಆರುವ ಮೊದಲು ಬೀಜ ಹಸಿ ಮಣ್ಣಿಗೆ ಬೀಳಬೇಕು ಅನ್ನುವುದು ಒಂದು ಕಾರಣ. ಗಿಡದ ರಸ ಹೀರುವ ಹೇನು ಇನ್ನೊಂದು ಕಾರಣ. ಡಿಸೆಂಬರ್–ಜನವರಿಯ ಚಳಿಯಲ್ಲಿ ಹೇನು ಏರುತ್ತದೆ. ಹೊತ್ತಿಗೆ ಸರಿಯಾಗಿ ಬಿತ್ತಿದ ಗಿಡ ಅಷ್ಟರಲ್ಲಿ ಬಲಿತಿರುತ್ತದೆ. ನವೆಂಬರ್‌ನಲ್ಲಿ ಬಿತ್ತಿದ್ದು ಎಳಸಾಗಿ ಸಿಕ್ಕಿಬೀಳುತ್ತದೆ. ಗಿಡವೆಲ್ಲ ಕಪ್ಪಗೆ ಜಿಗುಟಾಗಿ ನಿಂತ ಕುಸುಬೆ ಹೊಲ ಕಂಡರೆ, ಬಿತ್ತಿದ ತಾರೀಖು ಕೇಳದೆಯೇ ಹೇಳಿಬಿಡಬಹುದು. ತೀರಾ ಮುಂಚೆ ಬಿತ್ತಿದರೂ ಮಳೆಗೆ ಸಿಕ್ಕಿ ಎಲೆಚುಕ್ಕೆ ರೋಗ.

ಹಿಂಗಾರಿ ಸೂರ್ಯಕಾಂತಿ ಸೆಪ್ಟೆಂಬರ್‌ನಲ್ಲಿ ಬಿತ್ತಿದರೆ ಕುಸುಬೆಗಿಂತ ಒಂದು ತಿಂಗಳಿಗೂ ಮೊದಲು ಮುಗಿಯುತ್ತದೆ, ಎಣ್ಣೆ ಪಾಲು ಹೆಚ್ಚು, ಮುಳ್ಳಿನ ಕಾಟವಿಲ್ಲ. ಅಕ್ಟೋಬರ್ ಮಧ್ಯ ದಾಟಿದರೆ ಕಾಳು ತುಂಬುವ ಹೊತ್ತಿಗೆ ಮೇಲಿನ ಎರಡಡಿ ನೀರು ಮುಗಿದು, ನೆಲ ಬಿರುಕು ಬಿಟ್ಟು ತೆನೆ ಅಂಗೈ ಅಗಲಕ್ಕೇ ನಿಲ್ಲುತ್ತದೆ. ಒಂದು ನೀರು ಕೊಡಲು ಕೃಷಿಹೊಂಡ ಇದ್ದವರು ಆ ನೀರನ್ನು ಹೂವಿನ ಹೊತ್ತಿಗೆ ಉಳಿಸಿಕೊಂಡರೆ ಸೂರ್ಯಕಾಂತಿಯೇ ಲಾಭ. ಹೊಂಡ ಇಲ್ಲದವರಿಗೆ ನನ್ನ ಮತ ಕುಸುಬೆಗೆ.

ಕುಸುಬೆಯಲ್ಲಿ ಎಣ್ಣೆ ನೂರಕ್ಕೆ 28ರಿಂದ 32, ಸೂರ್ಯಕಾಂತಿಗಿಂತ ಕಡಿಮೆ. ಆದರೆ ಅದರ ಲಿನೋಲಿಕ್ 75ರ ಸುಮಾರಿನಲ್ಲಿ ಇರುತ್ತದೆ. ಉತ್ತರ ಕರ್ನಾಟಕದ ಗಾಣದವರು ಕುಸುಬೆ ಎಣ್ಣೆಗೆ ಒಳ್ಳೆಯ ದರ ಹೇಳುತ್ತಾರೆ, ಗಿರಾಕಿಯೂ ಇದ್ದಾರೆ. ಮುಳ್ಳಿಗೆ ಕೂಲಿಯವರು ಬರುವುದಿಲ್ಲ ಅನ್ನುವುದು ಹಳೆಯ ದೂರು. ಕೊಯ್ಲಿಗೆ ಯಂತ್ರ ಸಿಗುವ ಊರುಗಳಲ್ಲಿ ಆ ದೂರು ಕಡಿಮೆಯಾಗಿದೆ. ಯಂತ್ರ ಸಿಗದ ಕಡೆ ಮುಳ್ಳಿಲ್ಲದ ತಳಿ ನಾರಿ-6 ಕೇಳಿ ನೋಡಿ. ಮುಳ್ಳಿದ್ದರೆ ಕಡಲೆ ಹೊಲದ ಸುತ್ತ ನಾಲ್ಕು ಸಾಲು ಹಾಕಬಹುದು, ದನ ಒಳಗೆ ಬರುವುದಿಲ್ಲ.

ಯಾವ ಹೊಲವಾದರೂ ಬರದ ನಡುವೆ ಕೈಯಲ್ಲಿರುವ ಕೆಲಸ ಒಂದೇ, ಎಡೆಕುಂಟೆ. ಮೇಲಿನ ಮಣ್ಣು ಪುಡಿಯಾಗಿ ಬಿರುಕು ಮುಚ್ಚಿದರೆ ಒಳಗಿನ ತೇವ ಒಂದಿಷ್ಟು ದಿನ ಹೆಚ್ಚು ಬಾಳುತ್ತದೆ. ಶೇಂಗಾದಲ್ಲಿ ಮಾತ್ರ ಸೂಜಿ ಇಳಿಯುವ ಮೊದಲು ಮುಗಿಸಿಬಿಡಿ.

ಒಣಗಿದ ವರ್ಷದ ಶೇಂಗಾ ಕೊಯ್ಲು

ಕೊನೆಗೆ ಬರ ಬಿದ್ದ ಶೇಂಗಾ ಹೊಲ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ದಿಬ್ಬದ ಮೇಲೆ, ಗರಸು ಜಾಸ್ತಿ ಇರುವ ಕಡೆ ಗಿಡ ಮೊದಲೇ ಒಣಗಿರುತ್ತದೆ. ಆ ಜಾಗದ ಕಾಯಿಯನ್ನು ಬೇರೆಯಾಗಿ ಕಿತ್ತು ಬೇರೆ ಚೀಲಕ್ಕೆ ಹಾಕಿ. ಅಫ್ಲಾಟಾಕ್ಸಿನ್ ಸಾಮಾನ್ಯವಾಗಿ ಕೆಲವೇ ಕಾಳುಗಳಲ್ಲಿ ತುಂಬಾ ಇರುತ್ತದೆ, ಆ ಕೆಲವೇ ಕಾಳು ಇಡೀ ರಾಶಿಯನ್ನು ಕೆಡಿಸುತ್ತವೆ. ಕೀಳಲು ಸುಲಭವಾಗಲಿ ಅಂತ ಒಂದು ಮಳೆಗೆ ಕಾಯುತ್ತಾ ಕೂರುವುದೂ ಅಪಾಯ. ಬಲಿತ ಕಾಯಿ ಬಿಸಿ ನೆಲದಲ್ಲಿ ಉಳಿದಷ್ಟೂ ಬೂಷ್ಟಿಗೆ ಅನುಕೂಲ, ಮಳೆ ಬಂದರೆ ಮೊಳಕೆ. ನೀರಿನ ಅನುಕೂಲ ಇದ್ದರೆ ಒಂದು ಲಘು ನೀರು ಹಾಯಿಸಿ ಕಿತ್ತುಬಿಡಿ.

ಕಿತ್ತ ಗಿಡವನ್ನು ಕಾಯಿ ಮೇಲೆ ಬರುವಂತೆ ತಿರುಗಿಸಿ ಒಣಗಿಸಿ. ಬಣವೆ ಒಟ್ಟುವ ಆತುರ ಬೇಡ. ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕಾಳು ಗಲಗಲ ಅನ್ನಬೇಕು. ತೇವಾಂಶ ನೂರಕ್ಕೆ 8ಕ್ಕೆ ಇಳಿದ ಮೇಲೆ ಚೀಲಕ್ಕೆ ತುಂಬಿ. ಚೀಲವನ್ನು ನೆಲಕ್ಕೆ ತಾಗದಂತೆ ಹಲಗೆ ಮೇಲೆ ಇಡಿ. ಸುಕ್ಕಿದ, ಒಡೆದ, ಹುಳು ಕೊರೆದ ಕಾಳನ್ನು ಆರಿಸಿ ಬಿಸಾಡಿ. ಅದನ್ನು ದನಕ್ಕೂ ಹಾಕಬೇಡಿ, ಮನೆಯ ಗಾಣದೆಣ್ಣೆಗೂ ಸೇರಿಸಬೇಡಿ.